ಗೊತ್ತಿರುವುದು ಬೇರೆ, ಅರಿವಿಗೆ ಬರುವುದು ಬೇರೆ: ಉದ್ಯಮದಲ್ಲಿ ನೈತಿಕತೆ ಎಲ್ಲಿ ಕಳೆದುಹೋಗುತ್ತದೆ?

1973ರಲ್ಲಿ ಡೆನಿಸ್ ಜಿಯೋಯಾ ಎಂಬ ಯುವ ಅಧಿಕಾರಿ ಫೋರ್ಡ್ ಕಂಪನಿಯಲ್ಲಿ ರೀಕಾಲ್ ವಿಭಾಗದ ಸಂಯೋಜಕರಾದರು. ಮಾರಾಟವಾಗಿ ರಸ್ತೆಗಿಳಿದ ಕಾರುಗಳಲ್ಲಿ ಎಲ್ಲಿ ಏನು ಕೆಡುತ್ತಿದೆ ಎಂದು ನೋಡುವುದು, ಯಾವ ಮಾದರಿಯನ್ನು ವಾಪಸ್ ಕರೆಸಿ ಸರಿಮಾಡಿಕೊಡಬೇಕು ಎಂದು ಶಿಫಾರಸು ಮಾಡುವುದು ಅವರ ಕೆಲಸ. ವಿದ್ಯಾರ್ಥಿಯಾಗಿದ್ದಾಗ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದವರು, ದೊಡ್ಡ ಕಂಪನಿಗಳ ನಡವಳಿಕೆಯನ್ನು ಕಟುವಾಗಿ ಟೀಕಿಸುತ್ತಿದ್ದವರು. ಇಂಥ ಹುದ್ದೆಗೆ ಇಂಥವರೇ ಬೇಕು ಎಂದು ಯಾರಾದರೂ ಹೇಳಿಯಾರು.

ಒಡೆದ, ಸುಟ್ಟ ಬಿಡಿಭಾಗಗಳನ್ನು ತಂದು ಪರೀಕ್ಷೆಗೆ ಇಡುತ್ತಿದ್ದ ಒಂದು ಡಿಪೋ ಇತ್ತು. ಅಲ್ಲಿ ಒಂದು ದಿನ ಅವರು ಸುಟ್ಟು ಕರಕಲಾದ ಪಿಂಟೊ ಕಾರೊಂದನ್ನು ಕಂಡರು. ಹಿಂದಿನಿಂದ ಅಷ್ಟೇನೂ ವೇಗವಿಲ್ಲದೆ ಇನ್ನೊಂದು ವಾಹನ ಗುದ್ದಿದರೂ ಪೆಟ್ರೋಲ್ ಟ್ಯಾಂಕ್ ಒಡೆದು ಬೆಂಕಿ ಹತ್ತುವ ದೂರುಗಳು ಆ ಮಾದರಿಯ ಬಗ್ಗೆ ಬರುತ್ತಿದ್ದವು. ಕರಕಲಾದ ಆ ಕಾರು ಜಿಯೋಯಾ ಅವರನ್ನು ಅಲುಗಾಡಿಸಿತು. ವಿಷಯವನ್ನು ಸಮಿತಿಯ ಮುಂದೆ ಇಟ್ಟರು. ರೀಕಾಲ್‌ಗೆ ಬೇಕಾದ ಮಾನದಂಡಗಳ ಚರ್ಚೆ ಎಂದಿನಂತೆ ನಡೆಯಿತು. ಪ್ರಕರಣಗಳ ಸಂಖ್ಯೆ ಸಾಲದು, ಇಂಥದೇ ಭಾಗ ಕೆಟ್ಟಿದೆ ಎಂದು ಬೊಟ್ಟು ಮಾಡಿ ತೋರಿಸಲಾಗುತ್ತಿಲ್ಲ. ಮತಕ್ಕೆ ಹಾಕಿದಾಗ ರೀಕಾಲ್ ಬೇಡ ಎಂದೇ ಎಲ್ಲರೂ ಹೇಳಿದರು. ಜಿಯೋಯಾ ಕೂಡ ಹಾಗೆಯೇ ಮತ ಹಾಕಿದರು. ಆ ದಿನಗಳಲ್ಲಿ ಅವರು ಓಡಿಸುತ್ತಿದ್ದದ್ದೂ ಪಿಂಟೊ ಕಾರೇ.

1978ರಲ್ಲಿ, ಹೊರಗಿನ ಒತ್ತಡ ಹೆಚ್ಚಿದ ಮೇಲೆ, ಸುಮಾರು 15 ಲಕ್ಷ ಕಾರುಗಳನ್ನು ಕಂಪನಿ ವಾಪಸ್ ಕರೆಸಿತು. ಅಷ್ಟರಲ್ಲಿ ಜಿಯೋಯಾ ಕೆಲಸ ಬಿಟ್ಟು ಪ್ರಾಧ್ಯಾಪಕ ವೃತ್ತಿಯತ್ತ ಹೊರಳಿದ್ದರು. 1992ರಲ್ಲಿ ಅವರು ತಮ್ಮದೇ ಪಾತ್ರವನ್ನು ಬಿಡಿಸಿ ನೋಡುವ ಪ್ರಬಂಧವೊಂದನ್ನು ಬರೆದರು. ದುಡ್ಡಿನ ಆಸೆಗೆ ಬಿದ್ದು ತಪ್ಪು ಮಾಡಿದೆ ಎಂದಾಗಲಿ, ಮೇಲಿನವರಿಗೆ ಹೆದರಿ ಸುಮ್ಮನಾದೆ ಎಂದಾಗಲಿ ಅವರು ಅದರಲ್ಲಿ ಹೇಳಲಿಲ್ಲ. ಅವರು ಹೇಳಿದ್ದು ಇನ್ನೂ ಕಷ್ಟದ ಮಾತು. ಇದೊಂದು ನೈತಿಕ ಪ್ರಶ್ನೆ ಎಂಬುದೇ ಆಗ ತನಗೆ ಹೊಳೆಯಲಿಲ್ಲ ಎಂದರು. ಮೇಜಿನ ಮೇಲಿದ್ದ ಹತ್ತಾರು ಕಡತಗಳಲ್ಲಿ ಅದೂ ಒಂದು ಕಡತವಾಗಿತ್ತು.

ಉದ್ಯಮ ಮತ್ತು ನೀತಿಯ ಚರ್ಚೆ ಎಲ್ಲಿಂದ ಶುರುವಾಗಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಪ್ರಬಂಧವನ್ನು ತೋರಿಸುತ್ತೇನೆ. ಹಗರಣವೊಂದು ಬಯಲಾದಾಗಲೆಲ್ಲ ನಾವು ಖಳರನ್ನು ಹುಡುಕುತ್ತೇವೆ. ಖಳರು ಇರುತ್ತಾರೆ, ಇಲ್ಲವೆನ್ನುವುದಿಲ್ಲ. ಆದರೆ ಒಂದು ಹಗರಣ ನಡೆಯಬೇಕಾದರೆ ಸಾವಿರಾರು ಸಾಮಾನ್ಯ ಜನ ದಿನವೂ ಆಫೀಸಿಗೆ ಬಂದು ತಮ್ಮ ಪಾಲಿನ ಕೆಲಸ ಮಾಡಿ ಮನೆಗೆ ಹೋಗುತ್ತಿರಬೇಕು. ಅವರಿಗೆಲ್ಲ ಸರಿ ತಪ್ಪು ಗೊತ್ತಿತ್ತು. ಕೇಳಿದ್ದರೆ ಸರಿಯಾದ ಉತ್ತರವನ್ನೇ ಕೊಡುತ್ತಿದ್ದರು. ಕೇಳಿದವರೇ ಇರಲಿಲ್ಲ, ತಾವೇ ಕೇಳಿಕೊಳ್ಳಬೇಕು ಎಂದು ಅವರಿಗೂ ಅನ್ನಿಸಲಿಲ್ಲ.

ಮನಶ್ಶಾಸ್ತ್ರಜ್ಞ ಜೇಮ್ಸ್ ರೆಸ್ಟ್ 1980ರ ದಶಕದಲ್ಲಿ ನೈತಿಕ ನಡೆಯನ್ನು ನಾಲ್ಕು ಭಾಗಗಳಾಗಿ ಬಿಡಿಸಿದರು. ಇಲ್ಲಿ ಯಾರಿಗೋ ಪೆಟ್ಟಾಗಬಹುದು ಎಂದು ಗಮನಕ್ಕೆ ಬರಬೇಕು. ಯಾವುದು ಸರಿ ಎಂದು ನಿರ್ಧರಿಸಬೇಕು. ಉಳಿದ ಆಸೆಗಳಿಗಿಂತ ಅದನ್ನು ಮುಂದಿಟ್ಟುಕೊಳ್ಳಬೇಕು. ಕೊನೆಗೆ ಮಾಡಿ ತೀರುವ ಗಟ್ಟಿತನ ಬೇಕು. ಕಂಪನಿಗಳ ತರಬೇತಿ, ಮ್ಯಾನೇಜ್‌ಮೆಂಟ್ ಕಾಲೇಜುಗಳ ಪಾಠ ಬಹುಪಾಲು ಎರಡನೆಯದರ ಮೇಲೆಯೇ ನಿಂತಿರುತ್ತವೆ. ಇಂಥ ಸಂದಿಗ್ಧ ಬಂದರೆ ನೀವೇನು ಮಾಡುತ್ತೀರಿ ಎಂದು ಕೇಳುತ್ತಾರೆ. ಸಂದಿಗ್ಧ ಎಂದು ಮೊದಲೇ ಹೆಸರಿಟ್ಟುಕೊಟ್ಟ ಮೇಲೆ ಉತ್ತರ ಹೇಳುವುದು ಕಷ್ಟವೇ? ಕೆಲಸದ ಜಾಗದಲ್ಲಿ ಅದು ಆ ಹೆಸರು ಹೊತ್ತು ಬರುವುದಿಲ್ಲ. ಡೆಡ್‌ಲೈನ್ ಆಗಿ ಬರುತ್ತದೆ, ಎಕ್ಸೆಲ್ ಹಾಳೆಯ ಒಂದು ಕೋಶವಾಗಿ ಬರುತ್ತದೆ, ಇವತ್ತು ಸಂಜೆಯೊಳಗೆ ಕಳಿಸಬೇಕಾದ ಇಮೇಲ್ ಆಗಿ ಬರುತ್ತದೆ.

ಆನ್ ಟೆನ್‌ಬ್ರನ್ಸೆಲ್ ಮತ್ತು ಡೇವಿಡ್ ಮೆಸಿಕ್ ಎಂಬ ಸಂಶೋಧಕರು 2004ರಲ್ಲಿ ಇದಕ್ಕೊಂದು ಹೆಸರು ಕೊಟ್ಟರು, 'ಎಥಿಕಲ್ ಫೇಡಿಂಗ್'. ನಿರ್ಧಾರವೊಂದರಿಂದ ನೈತಿಕತೆಯ ಬಣ್ಣ ನಿಧಾನವಾಗಿ ಮಾಸಿಹೋಗುವುದು ಎಂಬುದು ಅದರ ಅರ್ಥ. ಬಟ್ಟೆಯ ಬಣ್ಣ ಮಾಸುವುದು ಉಟ್ಟವರಿಗೆ ಗೊತ್ತಾಗುವುದಿಲ್ಲ. ಹೀಗೆ ಮಾಸುವುದಕ್ಕೆ ಕಾರಣಗಳಿವೆ, ಆ ಕಾರಣಗಳಲ್ಲಿ ಹೆಚ್ಚಿನವು ನಾಯಕನ ಕೈಯಲ್ಲೇ ಇವೆ.

ಮಾತು, ದಂಡ, ಅವಸರ, ಟಾರ್ಗೆಟ್

ಮೊದಲನೆಯದು ಮಾತು. ಫೋಕ್ಸ್‌ವ್ಯಾಗನ್ ಕಂಪನಿಯ ಡೀಸೆಲ್ ಕಾರುಗಳಲ್ಲಿ ಒಂದು ಸಾಫ್ಟ್‌ವೇರ್ ಇತ್ತು. ಕಾರು ಪರೀಕ್ಷಾ ಯಂತ್ರದ ಮೇಲೆ ಓಡುತ್ತಿದೆಯೇ ರಸ್ತೆಯ ಮೇಲೆಯೇ ಎಂದು ಅದು ಗುರುತಿಸುತ್ತಿತ್ತು. ಪರೀಕ್ಷೆಯ ಹೊತ್ತಿಗೆ ಮಾತ್ರ ಹೊಗೆಯನ್ನು ಪೂರ್ತಿ ಶುದ್ಧಗೊಳಿಸುತ್ತಿತ್ತು. 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇದನ್ನು ಬಹಿರಂಗಪಡಿಸಿತು. ಜಗತ್ತಿನಾದ್ಯಂತ ಸುಮಾರು 1 ಕೋಟಿ 10 ಲಕ್ಷ ವಾಹನಗಳಲ್ಲಿ ಅದು ಇತ್ತೆಂದು ಆಮೇಲೆ ಕಂಪನಿಯೇ ಒಪ್ಪಿಕೊಂಡಿತು. ಒಳಗೆ ಅದನ್ನು ಕರೆಯುತ್ತಿದ್ದ ಹೆಸರುಗಳಲ್ಲಿ ಒಂದು 'ಅಕೂಸ್ಟಿಕ್ ಫಂಕ್ಷನ್'. ಎಂಜಿನ್ನಿನ ಸದ್ದು ತಗ್ಗಿಸಲೆಂದು ಹಿಂದೊಮ್ಮೆ ಮಾಡಿದ ವ್ಯವಸ್ಥೆಯಿಂದ ಬಂದ ಹೆಸರು ಅದು. ವರ್ಷಗಟ್ಟಲೆ ಮೀಟಿಂಗ್‌ಗಳಲ್ಲಿ ಜನ ಅಕೂಸ್ಟಿಕ್ ಫಂಕ್ಷನ್ ಬಗ್ಗೆ ಮಾತಾಡಬಹುದು. 'ಪರೀಕ್ಷೆಯಲ್ಲಿ ಮೋಸ ಮಾಡುವ ಸಾಫ್ಟ್‌ವೇರ್' ಎಂಬ ಮಾತನ್ನು ವಾರಕ್ಕೊಮ್ಮೆ ಬಾಯಿಬಿಟ್ಟು ಹೇಳಬೇಕಾಗಿದ್ದರೆ ಎಷ್ಟು ಜನ ಎಷ್ಟು ದಿನ ಹೇಳಿಯಾರು? ಪದ ಬದಲಾದರೆ ಕೆಲಸ ಹಗುರಾಗುತ್ತದೆ. ಕೆಲಸದಿಂದ ತೆಗೆದುಹಾಕುವುದು 'ರೈಟ್‌ಸೈಜಿಂಗ್' ಆಗುತ್ತದೆ, ಗ್ರಾಹಕ ಹೊರಗೆ ಹೋಗದಂತೆ ಬಾಗಿಲು ಹಾಕುವುದು 'ರಿಟೆನ್ಷನ್' ಆಗುತ್ತದೆ.

ದಂಡದ ಕಥೆ ಇನ್ನೂ ಕುತೂಹಲದ್ದು. ಯೂರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ ಎಂಬ ಅರ್ಥಶಾಸ್ತ್ರಜ್ಞರು 1998ರಲ್ಲಿ ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ಒಂದು ಅಧ್ಯಯನ ಮಾಡಿದರು. ಮಕ್ಕಳನ್ನು ಕರೆದೊಯ್ಯಲು ಕೆಲವು ತಂದೆತಾಯಂದಿರು ತಡವಾಗಿ ಬರುತ್ತಿದ್ದರು, ಟೀಚರ್ ಕಾಯಬೇಕಾಗುತ್ತಿತ್ತು. ಆರು ಶಿಶುವಿಹಾರಗಳಲ್ಲಿ ತಡವಾಗಿ ಬಂದವರಿಗೆ ಸಣ್ಣ ದಂಡ ಹಾಕತೊಡಗಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಹೆಚ್ಚುಕಡಿಮೆ ಎರಡರಷ್ಟಾದರು. ಅಲ್ಲಿಯವರೆಗೆ 'ಪಾಪ, ಟೀಚರ್ ಕಾಯುತ್ತಿರುತ್ತಾರೆ' ಎಂಬ ಸಂಕೋಚ ಅವರನ್ನು ಓಡೋಡಿ ಬರುವಂತೆ ಮಾಡುತ್ತಿತ್ತು. ದಂಡ ಬಂದ ಮೇಲೆ ಕಾಯಿಸುವುದಕ್ಕೆ ಒಂದು ಬೆಲೆ ಬಂತು, ಬೆಲೆ ಕೊಟ್ಟರೆ ಮುಗಿಯಿತು. ಕೆಲವು ವಾರಗಳ ನಂತರ ದಂಡವನ್ನು ತೆಗೆದುಹಾಕಿದರು. ಆದರೂ ಹಳೆಯ ಸಂಕೋಚ ಮರಳಲಿಲ್ಲ.

ಕಾನೂನು ಉಲ್ಲಂಘನೆಯ ದಂಡವನ್ನು ಮೊದಲೇ ಬಜೆಟ್ಟಿನಲ್ಲಿ ಖರ್ಚಿನ ಬಾಬ್ತಾಗಿ ಬರೆದಿಟ್ಟುಕೊಳ್ಳುವ ಕಂಪನಿಗಳಲ್ಲಿ ಆಗಿರುವುದು ಇದೇ. ನಿಯಮಪಾಲನೆ ನೋಡಿಕೊಳ್ಳುವ ಕಂಪ್ಲಯನ್ಸ್ ವಿಭಾಗ ಬೇಡವೆಂದು ನಾನು ಹೇಳುತ್ತಿಲ್ಲ. ನಿಯಮಗಳಿಲ್ಲದಿದ್ದರೆ ಬಲಹೀನರ ಗತಿಯೇನು? ಆದರೆ 'ಇದಕ್ಕೆ ಲೀಗಲ್ ಟೀಮ್ ಒಪ್ಪಿದೆಯೇ' ಎಂಬ ಪ್ರಶ್ನೆ ಬಂದು, 'ಇದರಿಂದ ಯಾರಿಗೆ ಏನಾಗುತ್ತದೆ' ಎಂಬ ಪ್ರಶ್ನೆಯನ್ನು ಕುರ್ಚಿಯಿಂದ ಎಬ್ಬಿಸಿ ಕಳಿಸಿಬಿಡುತ್ತದೆ. ಎರಡನ್ನೂ ಒಟ್ಟಿಗೆ ಕೂರಿಸಿಕೊಳ್ಳುವುದು ಯಾವ ವಿಭಾಗಕ್ಕೂ ವಹಿಸಿಕೊಡಲಾಗದ ಕೆಲಸ, ಅದು ನಾಯಕನದೇ.

ಅವಸರದ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಪ್ರಯೋಗ ಸಾಕು. 1973ರಲ್ಲಿ ಪ್ರಕಟವಾದ ಪ್ರಿನ್ಸ್‌ಟನ್‌ನ ಅಧ್ಯಯನವೊಂದರಲ್ಲಿ ಧರ್ಮಬೋಧಕರಾಗಲು ಓದುತ್ತಿದ್ದ 40 ವಿದ್ಯಾರ್ಥಿಗಳನ್ನು ಭಾಷಣ ಮಾಡಲೆಂದು ಪಕ್ಕದ ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ನರಳುತ್ತಾ ಬಿದ್ದಿದ್ದ, ಅದು ಸಂಶೋಧಕರದೇ ಏರ್ಪಾಡು. ಬೇಕಾದಷ್ಟು ಸಮಯ ಇದ್ದವರಲ್ಲಿ ಶೇ 63 ಮಂದಿ ನಿಂತು ವಿಚಾರಿಸಿದರು. ತುಂಬಾ ತಡವಾಗಿದೆ ಎಂದು ಹೇಳಿ ಕಳಿಸಿದವರಲ್ಲಿ ನಿಂತವರು ಶೇ 10 ಮಾತ್ರ. ಗಾಯಗೊಂಡ ದಾರಿಹೋಕನಿಗೆ ನೆರವಾದವನ ಬೈಬಲ್ ಕಥೆಯ ಬಗ್ಗೆಯೇ ಭಾಷಣ ಮಾಡಲು ಹೊರಟವರೂ ಅವರಲ್ಲಿದ್ದರು, ಆ ವಿಷಯ ಅವರ ನಡೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ತರಲಿಲ್ಲ. ಸದಾ ಓಡುತ್ತಿರುವ ಕಂಪನಿಯಲ್ಲಿ ಒಳ್ಳೆಯವರನ್ನೇ ಆರಿಸಿ ಕೆಲಸಕ್ಕೆ ತೆಗೆದುಕೊಂಡಿದ್ದೇವೆ ಎಂಬ ಸಮಾಧಾನ ಎಷ್ಟು ದುರ್ಬಲ ಎಂದು ಈ ಅಂಕಿಗಳಿಂದ ಅಂದಾಜಾಗುತ್ತದೆ.

ಇನ್ನು ಟಾರ್ಗೆಟ್. ಅಮೆರಿಕದ ವೆಲ್ಸ್ ಫಾರ್ಗೊ ಬ್ಯಾಂಕಿನಲ್ಲಿ ಪ್ರತಿ ಗ್ರಾಹಕನಿಗೂ ಎಂಟು ಬಗೆಯ ಖಾತೆ, ಕಾರ್ಡು, ಸಾಲ ಮಾರಬೇಕು ಎಂಬ ಗುರಿ ಇತ್ತು. ಎಂಟೇ ಏಕೆ? ಇಂಗ್ಲಿಷಿನ 'ಏಟ್' ಪದಕ್ಕೆ 'ಗ್ರೇಟ್' ಪ್ರಾಸವಾಗುತ್ತದೆ, ಅದೇ ಅವರ ಘೋಷಣೆ. ಗ್ರಾಹಕನಿಗೆ ಏನು ಬೇಕು ಎಂಬ ಲೆಕ್ಕದಿಂದ ಹುಟ್ಟಿದ ಸಂಖ್ಯೆಯಲ್ಲ ಅದು. ಪ್ರತಿದಿನ ಕೌಂಟರಿನಲ್ಲಿ ಕೂತು ಆ ಸಂಖ್ಯೆ ಮುಟ್ಟಬೇಕಾದವರು ಕೆಳಗಿನ ನೌಕರರು. ಮುಟ್ಟಲಾಗದವರು ಗ್ರಾಹಕರಿಗೆ ತಿಳಿಯದಂತೆಯೇ ಅವರ ಹೆಸರಿನಲ್ಲಿ ಖಾತೆ ತೆರೆಯತೊಡಗಿದರು. 2016ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು. ಆ ಹೊತ್ತಿಗೆ ಸುಮಾರು 5,300 ನೌಕರರನ್ನು ಬ್ಯಾಂಕು ವಜಾ ಮಾಡಿತ್ತು. ಹೀಗೆ ತೆರೆದಿರಬಹುದಾದ ಖಾತೆಗಳ ಸಂಖ್ಯೆ 35 ಲಕ್ಷದವರೆಗೆ ಹೋಗಬಹುದೆಂದು ಮುಂದಿನ ವರ್ಷ ಬ್ಯಾಂಕೇ ಹೇಳಿತು. 2020ರಲ್ಲಿ 300 ಕೋಟಿ ಡಾಲರ್ ಕೊಟ್ಟು ಪ್ರಕರಣ ಇತ್ಯರ್ಥ ಮಾಡಿಕೊಂಡಿತು.

5,300 ಎಂಬ ಆ ಸಂಖ್ಯೆಯ ಮುಂದೆ ಸ್ವಲ್ಪ ನಿಲ್ಲಬೇಕು. ಒಂದೇ ಬ್ಯಾಂಕಿಗೆ ಅಷ್ಟೊಂದು ಅಪ್ರಾಮಾಣಿಕರು ಆಕಸ್ಮಿಕವಾಗಿ ಸೇರಿಕೊಂಡರೇ? ಕೆಲವು ನೂರು ಜನ ಸಿಕ್ಕಿಬಿದ್ದಾಗಲೇ, ತಪ್ಪು ಜನರಲ್ಲಿದೆಯೋ ಗುರಿಯಲ್ಲಿದೆಯೋ ಎಂಬ ಅನುಮಾನ ಮೇಲೆ ಕೂತವರಿಗೆ ಬರಬೇಕಿತ್ತು. ವಜಾ ಮಾಡುವುದು ಸುಲಭ. ಗುರಿ ಬದಲಿಸಿದರೆ ಷೇರುಪೇಟೆಗೆ ಹೇಳಿಕೊಂಡು ಬಂದ ಯಶಸ್ಸಿನ ಕಥೆಯೇ ಬದಲಾಗುತ್ತದೆ. ಮೇಲಿನವರ ನೈತಿಕ ಅರಿವು ಮಂಕಾದರೆ ಅದರ ಬೆಲೆ ತೆರುವವರು ಬಹುತೇಕ ಕೆಳಗಿನವರು. ನನ್ನನ್ನು ಹೆಚ್ಚು ನೋಯಿಸುವ ಅನ್ಯಾಯ ಇದು.

ಸಂಸ್ಥಾಪಕನ ಮೇಜಿನ ಮೇಲೆ

ದೊಡ್ಡ ಕಂಪನಿಗಳ ಮಾತಾಯಿತು. ಹೊಸದಾಗಿ ಉದ್ಯಮ ಕಟ್ಟುವವರ ಸ್ಥಿತಿ ಬೇರೆ. ಐದು ಜನರ ಕಂಪನಿಯಲ್ಲಿ ಎಚ್‌ಆರ್ ಇಲ್ಲ, ಆಡಿಟ್ ಸಮಿತಿ ಇಲ್ಲ, ನೀತಿ ಸಂಹಿತೆಯ ಪುಸ್ತಕ ಇಲ್ಲ. ಸಂಸ್ಥಾಪಕ ಹೇಗೆ ನಡೆಯುತ್ತಾನೋ ಅದೇ ಸಂಹಿತೆ.

ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮರುದಿನ ಬೆಳಿಗ್ಗೆ ಹೂಡಿಕೆದಾರರ ಭೇಟಿ. ಕೈಯಲ್ಲಿ ಇನ್ನು ಎರಡು ತಿಂಗಳ ಸಂಬಳಕ್ಕೆ ಸಾಕಾಗುವಷ್ಟು ಹಣ. ಸ್ಲೈಡಿನಲ್ಲಿ 'ಸಕ್ರಿಯ ಬಳಕೆದಾರರು' ಎಂಬ ಶೀರ್ಷಿಕೆ, ಅದರ ಕೆಳಗೆ ಒಂದು ಸಂಖ್ಯೆ. ಆ ಸಂಖ್ಯೆ ನಿಜಕ್ಕೂ ನೋಂದಾಯಿಸಿಕೊಂಡವರದು. ಅವರಲ್ಲಿ ಮೂರನೇ ಎರಡು ಪಾಲು ಜನ ಒಮ್ಮೆ ಬಂದು ಹೋದವರು, ಮತ್ತೆ ಬಂದಿಲ್ಲ. ಸ್ಲೈಡ್ ಮಾಡಿದ ಹುಡುಗಿ ಕೇಳುತ್ತಾಳೆ, 'ಸರ್, ಇದನ್ನು ನೋಂದಾಯಿತರು ಅಂತ ಬದಲಿಸಲಾ?' ಸಂಸ್ಥಾಪಕ ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, 'ಇರಲಿ ಬಿಡು, ಮುಂದಿನ ತಿಂಗಳು ಹೇಗೂ ಅಷ್ಟಾಗುತ್ತೆ' ಎನ್ನುತ್ತಾನೆ. ಅಷ್ಟೇ. ಯಾರೂ ಯಾರಿಗೂ ಮೋಸ ಮಾಡೋಣ ಎಂದು ಹೇಳಲಿಲ್ಲ. ಆದರೆ ಈ ಕಂಪನಿಯಲ್ಲಿ ಒಂದು ಪದದ ಅರ್ಥವನ್ನು ಅಗತ್ಯಕ್ಕೆ ತಕ್ಕಂತೆ ಎಳೆಯಬಹುದು ಎಂದು ಆ ಹುಡುಗಿ ಆ ಸಂಜೆ ಕಲಿತಳು. ಮುಂದಿನ ಬಾರಿ ಅವಳು ಕೇಳುವುದಿಲ್ಲ.

ಸತ್ಯಂ ಕಂಪ್ಯೂಟರ್ಸ್‌ನ ಸಂಸ್ಥಾಪಕ ರಾಮಲಿಂಗ ರಾಜು 2009ರ ಜನವರಿ 7ರಂದು ತಮ್ಮ ನಿರ್ದೇಶಕ ಮಂಡಳಿಗೆ ಬರೆದ ತಪ್ಪೊಪ್ಪಿಗೆ ಪತ್ರ ಇದೇ ಕಾರಣಕ್ಕೆ ಓದಬೇಕಾದದ್ದು. ನಿಜವಾದ ಲಾಭಕ್ಕೂ ಲೆಕ್ಕದ ಪುಸ್ತಕದಲ್ಲಿ ತೋರಿಸಿದ ಲಾಭಕ್ಕೂ ಮೊದಲು ಇದ್ದದ್ದು ಸಣ್ಣ ಅಂತರ, ಕಂಪನಿ ಬೆಳೆದಂತೆ ಅದೂ ಬೆಳೆಯಿತು ಎಂದು ಅವರು ಬರೆದರು. ತಾನು ಹುಲಿ ಸವಾರಿ ಮಾಡುತ್ತಿದ್ದೆ, ಅದರ ಬಾಯಿಗೆ ಬೀಳದೆ ಇಳಿಯುವುದು ಹೇಗೆಂದು ತಿಳಿಯಲಿಲ್ಲ ಎಂದರು. ಹುಲಿಯ ಮಾತು ಎಲ್ಲರಿಗೂ ನೆನಪಿದೆ. ನನಗೆ ಮುಖ್ಯವೆನಿಸುವುದು ಸಣ್ಣ ಅಂತರದ ಮಾತು. ಹುಲಿ ಮರಿಯಾಗಿದ್ದಾಗ ಇಳಿಯಬಹುದಿತ್ತು. ಆಗ ಅದು ಹುಲಿಯ ಹಾಗೆ ಕಾಣಲಿಲ್ಲ, ಒಂದು ತ್ರೈಮಾಸಿಕದ ಹೊಂದಾಣಿಕೆಯ ಹಾಗೆ ಕಂಡಿತು. ಅದರ ಹಿಂದಿನ ವರ್ಷ, 2008ರಲ್ಲಿ, ಉತ್ತಮ ಕಾರ್ಪೊರೇಟ್ ಆಡಳಿತಕ್ಕಾಗಿ ಆ ಕಂಪನಿಗೆ ಪ್ರಶಸ್ತಿಯೂ ಬಂದಿತ್ತು.

ಸ್ಟಾರ್ಟಪ್ ಜಗತ್ತಿನಲ್ಲಿ ಇದಕ್ಕೆ ಒಂದು ವಿಶೇಷ ಅಪಾಯ ಸೇರಿಕೊಳ್ಳುತ್ತದೆ. ಇನ್ನೂ ಇಲ್ಲದ್ದನ್ನು ಇದೆಯೆಂಬಂತೆ ಕಣ್ಣಿಗೆ ಕಟ್ಟಿಸುವುದೇ ಉದ್ಯಮಿಯ ಪ್ರತಿಭೆ. ಅದಿಲ್ಲದೆ ಹೊಸದೇನೂ ಹುಟ್ಟುವುದಿಲ್ಲ. 'ಇದು ಆಗುತ್ತದೆ' ಎಂಬ ಮಾತು ಎಲ್ಲಿ 'ಇದು ಆಗಿದೆ' ಆಗುತ್ತದೋ ಅಲ್ಲಿ ಗೆರೆ. 2003ರಲ್ಲಿ 19ನೇ ವಯಸ್ಸಿನಲ್ಲಿ ಥೆರಾನೋಸ್ ಕಂಪನಿ ಕಟ್ಟಿದ ಎಲಿಜಬೆತ್ ಹೋಮ್ಸ್ ಆ ಗೆರೆ ದಾಟಿದರು. ಬೆರಳ ತುದಿಯ ಕೆಲವೇ ಹನಿ ರಕ್ತದಿಂದ ಹತ್ತಾರು ಪರೀಕ್ಷೆ ಎಂಬ ಕನಸು ಕೆಟ್ಟದ್ದೇ? ಖಂಡಿತ ಅಲ್ಲ. ಆದರೆ ಯಂತ್ರ ಆ ಕೆಲಸ ಮಾಡುತ್ತಿರಲಿಲ್ಲ, ಅದರ ಫಲಿತಾಂಶಗಳು ನಿಜವಾದ ರೋಗಿಗಳ ಕೈ ಸೇರುತ್ತಿದ್ದವು. ಹೂಡಿಕೆದಾರರಿಗೆ ವಂಚಿಸಿದ ಆರೋಪ 2022ರ ಜನವರಿಯಲ್ಲಿ ಸಾಬೀತಾಗಿ ಅವರಿಗೆ 11 ವರ್ಷಕ್ಕೂ ಮೀರಿದ ಜೈಲು ಶಿಕ್ಷೆಯಾಯಿತು.

ನೀತಿಯ ಬಗ್ಗೆ ಹೆಚ್ಚು ಮಾತಾಡುವವರಿಗೆ ಅರಿವು ಹೆಚ್ಚು ಎಂದುಕೊಳ್ಳುವಂತೆಯೂ ಇಲ್ಲ. ಕ್ರಿಪ್ಟೊ ವಿನಿಮಯ ಕೇಂದ್ರ ಎಫ್‌ಟಿಎಕ್ಸ್‌ನ ಸ್ಯಾಮ್ ಬ್ಯಾಂಕ್‌ಮನ್ ಫ್ರೀಡ್, ಗಳಿಸಿದ್ದನ್ನೆಲ್ಲ ಜಗತ್ತಿನ ಒಳಿತಿಗೆ ಕೊಡುವುದಾಗಿ ಹೇಳುತ್ತಿದ್ದರು. 2022ರ ನವೆಂಬರ್‌ನಲ್ಲಿ ಕಂಪನಿ ಕುಸಿದಾಗ ಗ್ರಾಹಕರ ಠೇವಣಿ ಹಣ ಬೇರೆಡೆ ಹೋಗಿರುವುದು ಹೊರಬಿತ್ತು. 2024ರ ಮಾರ್ಚ್‌ನಲ್ಲಿ 25 ವರ್ಷದ ಶಿಕ್ಷೆಯಾಯಿತು. ದೂರದ ಲೋಕಕಲ್ಯಾಣ ದೊಡ್ಡದಾಗಿ ಕಾಣುತ್ತಿದ್ದಾಗ, ಹತ್ತಿರದ ಒಬ್ಬ ಠೇವಣಿದಾರ ಕಣ್ಣಿನಿಂದ ಜಾರಿಹೋಗಬಹುದು.

ಇದಕ್ಕೆ ಪೂರ್ತಿ ಎದುರಾದ ಒಂದು ಉದಾಹರಣೆ ನನಗೆ ಬಹಳ ಇಷ್ಟ. ಇವಾನ್ ಶುನಾರ್ಡ್ ಎಂಬ ಅಮೆರಿಕದ ಪರ್ವತಾರೋಹಿ 1957ರಲ್ಲಿ ಕಮ್ಮಾರಿಕೆ ಕಲಿತು, ಬಂಡೆ ಹತ್ತುವಾಗ ಬಿರುಕಿಗೆ ಹೊಡೆಯುವ ಉಕ್ಕಿನ ಗೂಟಗಳನ್ನು ತಾವೇ ಬಡಿದು ಮಾಡಿ ಮಾರತೊಡಗಿದರು. 1970ರ ಹೊತ್ತಿಗೆ ಅವರ ಕಂಪನಿ ಆ ಸಲಕರಣೆಗಳಲ್ಲಿ ಅಮೆರಿಕಕ್ಕೇ ದೊಡ್ಡದು, ಗೂಟಗಳೇ ವ್ಯಾಪಾರದ ಬೆನ್ನೆಲುಬು. ಆ ಸಮಯದಲ್ಲಿ ಎಲ್ ಕ್ಯಾಪಿಟನ್ ಎಂಬ ಬೃಹತ್ ಬಂಡೆಯನ್ನು ಮತ್ತೆ ಹತ್ತಿದಾಗ, ಕೆಲವು ವರ್ಷಗಳ ಹಿಂದೆ ಹೊಸದರಂತಿದ್ದ ಬಿರುಕುಗಳೆಲ್ಲ ಗೂಟ ಹೊಡೆದು ಕಿತ್ತು, ಹೊಡೆದು ಕಿತ್ತು, ಕಿತ್ತುಹೋದ ಹಲ್ಲಿನ ವಸಡಿನಂತಾಗಿದ್ದವು. ಹೊಡೆಯುತ್ತಿದ್ದದ್ದು ಅವರೇ ಮಾರಿದ ಗೂಟ. ಯಾವ ಕಾನೂನೂ ಅಡ್ಡ ಬಂದಿರಲಿಲ್ಲ, ಗಿರಾಕಿಗಳ ದೂರೂ ಇರಲಿಲ್ಲ. ಶುನಾರ್ಡ್ ಮತ್ತು ಪಾಲುದಾರ ಟಾಮ್ ಫ್ರಾಸ್ಟ್ ಗೂಟಗಳ ವ್ಯಾಪಾರದಿಂದ ಹಿಂದೆ ಸರಿಯಲು ನಿರ್ಧರಿಸಿದರು. ಸುತ್ತಿಗೆಯಿಲ್ಲದೆ ಬಿರುಕಿಗೆ ಸಿಕ್ಕಿಸಿ, ಕೈಯಿಂದಲೇ ತೆಗೆಯಬಹುದಾದ ಅಲ್ಯೂಮಿನಿಯಂ ಬೆಣೆಗಳನ್ನು 1972ರ ತಮ್ಮ ಕ್ಯಾಟಲಾಗಿನಲ್ಲಿ ಮುಂದಿಟ್ಟರು, ಬಂಡೆಗೆ ಗಾಯ ಮಾಡದೆ ಹತ್ತುವುದು ಹೇಗೆಂಬ ದೀರ್ಘ ಲೇಖನವನ್ನೂ ಅದರಲ್ಲಿ ಅಚ್ಚು ಹಾಕಿದರು. ಬೆಣೆಗಳ ವ್ಯಾಪಾರ ಬಲುಬೇಗ ಕುದುರಿತು. ಮುಂದೆ ಪ್ಯಾಟಗೋನಿಯಾ ಎಂಬ ಉಡುಪಿನ ಕಂಪನಿ ಕಟ್ಟಿದವರೂ ಅವರೇ.

ಶುನಾರ್ಡ್ ಮಹಾತ್ಮರು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಅವರಿಗೆ ಕಂಡಿತು, ಏಕೆಂದರೆ ಅವರು ಆ ಬಂಡೆಯ ಮೇಲಿದ್ದರು. ತನ್ನ ಸರಕು ಹೋಗಿ ಮುಟ್ಟುವ ಜಾಗದಲ್ಲಿ ತಾನೇ ಹೋಗಿ ನಿಲ್ಲುವ ಉದ್ಯಮಿಗೆ ಕಾಣುವುದು, ಡ್ಯಾಶ್‌ಬೋರ್ಡ್ ನೋಡುತ್ತಾ ಕೂತವನಿಗೆ ಕಾಣುವುದಿಲ್ಲ. ಕಾಲ್ ಸೆಂಟರಿನಲ್ಲಿ ಅರ್ಧ ದಿನ ಕೂತು ಗ್ರಾಹಕರ ದನಿ ಕೇಳಿಸಿಕೊಳ್ಳುವ ಸಿಇಒಗೆ ಯಾವ ವರದಿಯೂ ಹೇಳದ ಸಂಗತಿಗಳು ತಿಳಿಯುತ್ತವೆ.

ಗೋಡೆಯ ಮೇಲಿನ ಬರಹ

ಅಮೆರಿಕದ ಇಂಧನ ಕಂಪನಿ ಎನ್ರಾನ್‌ಗೆ 64 ಪುಟಗಳ ನೀತಿ ಸಂಹಿತೆ ಇತ್ತು. ಗೌರವ, ಪ್ರಾಮಾಣಿಕತೆ, ಸಂವಹನ, ಶ್ರೇಷ್ಠತೆ ಎಂಬ ನಾಲ್ಕು ಮೌಲ್ಯಗಳಿದ್ದವು. ಕಂಪನಿಯ ಹಣಕಾಸು ಮುಖ್ಯಸ್ಥರು ಕಂಪನಿಯೊಂದಿಗೇ ವ್ಯವಹರಿಸುವ ಸ್ವಂತ ಪಾಲುದಾರಿಕೆ ಸಂಸ್ಥೆ ಹುಟ್ಟುಹಾಕಲು ಅನುವಾಗಲೆಂದು 1999ರಲ್ಲಿ ನಿರ್ದೇಶಕ ಮಂಡಳಿಯೇ ಆ ಸಂಹಿತೆಯ ನಿಯಮವನ್ನು ಸಡಿಲಿಸಿತು. 2001ರ ಡಿಸೆಂಬರ್ 2ರಂದು ಎನ್ರಾನ್ ದಿವಾಳಿ ಅರ್ಜಿ ಹಾಕಿತು.

ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯಲ್ಲೂ 1943ರಿಂದ ಗೋಡೆಯ ಮೇಲೆ ಒಂದು ಬರಹವಿತ್ತು. ಮೊದಲ ಹೊಣೆ ತಮ್ಮ ಉತ್ಪನ್ನ ಬಳಸುವವರಿಗೆ, ಷೇರುದಾರರದು ಕೊನೆಯ ಸ್ಥಾನ ಎಂಬುದು ಅದರ ಸಾರ. 1970ರ ದಶಕದಲ್ಲಿ ಜೇಮ್ಸ್ ಬರ್ಕ್ ಎಂಬ ಅಧಿಕಾರಿ ಹಿರಿಯ ಮ್ಯಾನೇಜರುಗಳನ್ನು ಒಂದು ಕೋಣೆಯಲ್ಲಿ ಕೂರಿಸಿ, ನಾವು ಇದರಂತೆ ನಡೆಯುವುದಿಲ್ಲವಾದರೆ ಇದನ್ನು ಗೋಡೆಯಿಂದ ಕಿತ್ತುಹಾಕೋಣ ಎಂದು ಸವಾಲು ಹಾಕಿದರು. ವಾದವಾಯಿತು. ಲಾಭವಿಲ್ಲದೆ ಇದೆಲ್ಲ ಹೇಗೆ ಎಂದು ಕೇಳಿದವರೂ ಇದ್ದರು. ಇಂಥ ಸಭೆಗಳು ಕಂಪನಿಯಲ್ಲಿ ಮತ್ತೆ ಮತ್ತೆ ನಡೆದವು. 1982ರ ಸೆಪ್ಟೆಂಬರ್ ಕೊನೆಯಲ್ಲಿ ಶಿಕಾಗೊ ಸುತ್ತಮುತ್ತ ಯಾರೋ ಕಂಪನಿಯ ನೋವುನಿವಾರಕ ಟೈಲೆನಾಲ್ ಕ್ಯಾಪ್ಸೂಲ್‌ಗಳಲ್ಲಿ ಸಯನೈಡ್ ಬೆರೆಸಿ 7 ಜನ ಸತ್ತಾಗ ಬರ್ಕ್ ಅವರೇ ಮುಖ್ಯಸ್ಥರು. ತಪ್ಪು ಕಂಪನಿಯದಾಗಿರಲಿಲ್ಲ. ಆದರೂ ದೇಶಾದ್ಯಂತ ಸುಮಾರು 3.1 ಕೋಟಿ ಬಾಟಲಿಗಳನ್ನು ವಾಪಸ್ ತರಿಸಿದರು, ನಷ್ಟ 10 ಕೋಟಿ ಡಾಲರ್ ಮೀರಿತು. ಆಮೇಲೆ ಬಂದ, ತೆರೆದರೆ ಗೊತ್ತಾಗುವ ಮೊಹರಿನ ಪ್ಯಾಕಿಂಗ್ ಇವತ್ತು ಎಲ್ಲೆಡೆ ಇದೆ. ಕಾಗದದ ಮೇಲಿನ ಮಾತುಗಳಲ್ಲಿ ಎನ್ರಾನ್‌ಗೂ ಇವರಿಗೂ ದೊಡ್ಡ ವ್ಯತ್ಯಾಸ ಇರಲಿಲ್ಲ. ಒಂದು ಕಡೆ ಆ ಮಾತುಗಳ ಜೊತೆ ಜಗಳವಾಡಿದ್ದರು, ಇನ್ನೊಂದು ಕಡೆ ಅದನ್ನು ಅಚ್ಚು ಹಾಕಿಸಿ ಹಂಚಿದ್ದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ನಾನು ಅರ್ಧ ಹೇಳಿದಂತೆ. ಅದೇ ಕಂಪನಿ ಮುಂದಿನ ತಲೆಮಾರಿನಲ್ಲಿ ಟಾಲ್ಕಂ ಪೌಡರ್ ಮತ್ತು ಒಪಿಯಾಯ್ಡ್ ನೋವುನಿವಾರಕಗಳ ವಿಚಾರದಲ್ಲಿ ಸಾವಿರಾರು ಮೊಕದ್ದಮೆಗಳನ್ನು ಎದುರಿಸಿತು. ಅರಿವು ಆಸ್ತಿಯಂತೆ ಪಿತ್ರಾರ್ಜಿತವಾಗಿ ಬರುವುದಿಲ್ಲ.

ಸುಲಭದ ಮದ್ದುಗಳ ಆಸೆಯನ್ನೂ ಬಿಡಬೇಕು. ಫಾರಂ ತುಂಬುವ ಮೊದಲೇ 'ನಾನು ಸತ್ಯ ಹೇಳುತ್ತೇನೆ' ಎಂದು ಸಹಿ ಮಾಡಿಸಿದರೆ ಸುಳ್ಳು ಕಡಿಮೆಯಾಗುತ್ತದೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಬಹಳ ಪ್ರಸಿದ್ಧವಾಯಿತು. ಮರುಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಅದರ ದತ್ತಾಂಶದ ಒಂದು ಭಾಗ ಕೃತಕ ಎಂಬುದಕ್ಕೆ ಪುರಾವೆ ಸಿಕ್ಕಿ 2021ರಲ್ಲಿ ಪತ್ರಿಕೆ ಅದನ್ನು ಹಿಂತೆಗೆದುಕೊಂಡಿತು.

ಲಾಭದ ಪ್ರಶ್ನೆ, ಮತ್ತು ಯಂತ್ರ ತೆಗೆದುಕೊಳ್ಳುವ ನಿರ್ಧಾರ

ಉದ್ಯಮದ ಹೊಣೆ ಲಾಭ ಹೆಚ್ಚಿಸುವುದಷ್ಟೇ ಎನ್ನುವವರು ಮಿಲ್ಟನ್ ಫ್ರೀಡ್‌ಮನ್ ಅವರ 1970ರ ಲೇಖನವನ್ನು ಉದ್ಧರಿಸುತ್ತಾರೆ. ಆ ಲೇಖನದಲ್ಲೇ ಅವರು ಒಂದು ಷರತ್ತು ಹಾಕಿದ್ದರು. ಸಮಾಜದ ಮೂಲ ನಿಯಮಗಳಿಗೆ, ಕಾನೂನಿನಲ್ಲಿರುವುದಕ್ಕೂ ನೈತಿಕ ರೂಢಿಯಲ್ಲಿರುವುದಕ್ಕೂ, ಬದ್ಧವಾಗಿದ್ದುಕೊಂಡು ಲಾಭ ಮಾಡಬೇಕು ಎಂಬುದು ಆ ಷರತ್ತು. ಉದ್ಧರಿಸುವವರು ಈ ಅರ್ಧವನ್ನು ಬಿಟ್ಟುಬಿಡುತ್ತಾರೆ.

ನೀತಿವಂತರಿಗೆ ಕೊನೆಗೆ ಲಾಭವೇ ಆಗುತ್ತದೆ ಎನ್ನುವ ಎದುರು ಪಕ್ಷದ ಮಾತನ್ನೂ ನಾನು ಒಪ್ಪುವುದಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ನಿಜ. ಆದರೆ ಮಾನ ಉಳಿಸಿಕೊಂಡವರೆಲ್ಲರಿಗೂ ಆನೆ ಸಿಗುವುದಿಲ್ಲ. ಥೆರಾನೋಸ್‌ನ ಒಳಗಿನ ಸತ್ಯ ಹೊರಗೆ ಹೇಳಿದ ಟೈಲರ್ ಶುಲ್ಟ್ಸ್ ಎಂಬ ಯುವಕನ ತಂದೆತಾಯಿ ವಕೀಲರಿಗಾಗಿ 4 ಲಕ್ಷ ಡಾಲರಿಗೂ ಹೆಚ್ಚು ಖರ್ಚು ಮಾಡಬೇಕಾಯಿತು. ಲಾಭವಾಗುತ್ತದೆ ಎಂಬ ಕಾರಣಕ್ಕೆ ಒಳ್ಳೆಯದಾಗಿರಿ ಎಂದು ಕಲಿಸಿದರೆ, ಲಾಭವಾಗದ ದಿನ ಏನು ಮಾಡಬೇಕೆಂದೂ ಕಲಿಸಿದಂತಾಯಿತು.

ಈಗ ಈ ಪ್ರಶ್ನೆ ಇನ್ನಷ್ಟು ತುರ್ತಾಗಿದೆ. ನಿರ್ಧಾರಗಳನ್ನು ಅಲ್ಗಾರಿದಂಗಳಿಗೆ ವಹಿಸುತ್ತಿದ್ದೇವೆ. ಯಾವ ರೋಗಿಗೆ ಹೆಚ್ಚಿನ ಆರೈಕೆ ಬೇಕು ಎಂದು ಗುರುತಿಸಲು ಅಮೆರಿಕದ ಆಸ್ಪತ್ರೆಗಳಲ್ಲಿ ವ್ಯಾಪಕವಾಗಿ ಬಳಸುತ್ತಿದ್ದ ಒಂದು ಅಲ್ಗಾರಿದಂ ಅನ್ನು 2019ರಲ್ಲಿ ಸಂಶೋಧಕರು ಪರೀಕ್ಷಿಸಿದರು. ಅದು ಜನಾಂಗದ ಮಾಹಿತಿಯನ್ನು ನೋಡುತ್ತಲೇ ಇರಲಿಲ್ಲ. ಯಾರ ಚಿಕಿತ್ಸೆಗೆ ಹೆಚ್ಚು ಖರ್ಚಾಗಬಹುದೋ ಅವರಿಗೆ ಕಾಯಿಲೆ ಹೆಚ್ಚು ಎಂದು ಲೆಕ್ಕ ಹಾಕುತ್ತಿತ್ತು. ಆದರೆ ಅಷ್ಟೇ ಕಾಯಿಲೆ ಇರುವ ಕಪ್ಪು ಜನರಿಗೆ ಆಗುತ್ತಿದ್ದ ಖರ್ಚು ಕಡಿಮೆ, ಏಕೆಂದರೆ ಅವರಿಗೆ ಸಿಗುತ್ತಿದ್ದ ಆರೈಕೆಯೇ ಕಡಿಮೆ. ಹೆಚ್ಚುವರಿ ಆರೈಕೆಗೆ ಆಯ್ಕೆಯಾದವರಲ್ಲಿ ಕಪ್ಪು ರೋಗಿಗಳು ಶೇ 17.7 ಇದ್ದರು. ಆ ತಾರತಮ್ಯ ಸರಿಹೋದರೆ ಅದು ಶೇ 46.5 ಆಗುತ್ತಿತ್ತು. ಖರ್ಚಿನ ಅಂಕಿಅಂಶ ಸುಲಭವಾಗಿ ಸಿಗುತ್ತದೆ ಎಂದು ಅದನ್ನು ಆರಿಸಿಕೊಂಡ ಮೀಟಿಂಗ್ ಎಷ್ಟು ಸಪ್ಪೆಯಾಗಿದ್ದಿರಬೇಕು! ಅಲ್ಲಿ ಕೂತ ಯಾರಿಗೂ ತಾವು ಯಾರ ಚಿಕಿತ್ಸೆಯನ್ನೋ ತಪ್ಪಿಸುತ್ತಿದ್ದೇವೆ ಎಂದು ಅನ್ನಿಸಿರಲಾರದು. ಪಿಂಟೊ ಕಡತದ ಮುಂದೆ ಕೂತವರಿಗೂ ಅನ್ನಿಸಿರಲಿಲ್ಲ.

ಹಾಗಾದರೆ ನಾಯಕ ಮಾಡಬೇಕಾದ್ದೇನು? ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಂದೇ. ಕೆಟ್ಟ ಸುದ್ದಿಯನ್ನು ಮೊದಲು ತಂದವರ ಮುಂದೆ ನಾಯಕನ ಮುಖ ಹೇಗಿರುತ್ತದೆ? ಹಾಟ್‌ಲೈನ್, ದೂರು ಪೆಟ್ಟಿಗೆ, ತರಬೇತಿ ಎಲ್ಲ ಆಮೇಲಿನ ಮಾತು. ಆ ಒಂದು ಕ್ಷಣವನ್ನು ಇಡೀ ಕಂಪನಿ ಗಮನಿಸುತ್ತದೆ.

1986ರ ಜನವರಿ 27ರ ರಾತ್ರಿ ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ಮೇಲಕ್ಕೆ ದೂಡುವ ಬೂಸ್ಟರ್ ರಾಕೆಟ್ ತಯಾರಿಸಿದ ಮಾರ್ಟನ್ ಥಿಯೋಕಾಲ್ ಕಂಪನಿಯ ಎಂಜಿನಿಯರುಗಳು, ಇಷ್ಟು ಚಳಿಯಲ್ಲಿ ಬೂಸ್ಟರಿನ ಕೀಲುಗಳ ರಬ್ಬರ್ ಉಂಗುರ ಸರಿಯಾಗಿ ಮುಚ್ಚಿಕೊಳ್ಳದು, 53 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಹಾರಿಸಬೇಡಿ ಎಂದು ಫೋನಿನಲ್ಲಿ ವಾದಿಸಿದರು. ನಾಸಾ ಒಪ್ಪಲು ಹಿಂಜರಿಯಿತು. ಕಂಪನಿಯವರು ಫೋನ್ ಲೈನ್ ಬಿಟ್ಟು ತಮ್ಮೊಳಗೆ ಮಾತಾಡಿಕೊಂಡರು. ಎಂಜಿನಿಯರಿಂಗ್ ಮುಖ್ಯಸ್ಥ ಬಾಬ್ ಲುಂಡ್ ಅವರಿಗೆ ಮೇಲಧಿಕಾರಿಯೊಬ್ಬರು, ಎಂಜಿನಿಯರನ ಟೋಪಿ ತೆಗೆದಿಟ್ಟು ಮ್ಯಾನೇಜರನ ಟೋಪಿ ಹಾಕಿಕೊಳ್ಳಿ ಎಂದರು. ಲುಂಡ್ ಹಾಕಿಕೊಂಡರು. ಮರುದಿನ ನೌಕೆ ಮೇಲೆದ್ದ 73 ಸೆಕೆಂಡಿಗೆ ಚೂರಾಗಿ ಏಳು ಜನ ಸತ್ತರು.

ಆ ರಾತ್ರಿ ಉಡಾವಣಾ ಕೇಂದ್ರದಲ್ಲಿದ್ದ ಕಂಪನಿಯ ಹಿರಿಯ ಪ್ರತಿನಿಧಿ ಅಲನ್ ಮೆಕ್‌ಡೊನಾಲ್ಡ್. ಉಡಾವಣೆಗೆ ಒಪ್ಪಿಗೆಯ ಸಹಿ ಹಾಕಬೇಕಾದವರು ಅವರು. ಹಾಕುವುದಿಲ್ಲ ಎಂದರು, ಬೇರೊಬ್ಬರು ಹಾಕಿ ಫ್ಯಾಕ್ಸ್ ಮಾಡಿದರು. ತನಿಖಾ ಆಯೋಗದ ಮುಂದೆ ಮೆಕ್‌ಡೊನಾಲ್ಡ್ ನಡೆದದ್ದನ್ನು ನಡೆದಂತೆ ಹೇಳಿದರು, ಕಂಪನಿ ಅವರನ್ನು ಹುದ್ದೆಯಿಂದ ಕೆಳಗಿಳಿಸಿತು. ಅಮೆರಿಕದ ಸಂಸತ್ತು ಮಧ್ಯೆ ಬಂದ ಮೇಲೆ ಮತ್ತೆ ಮೇಲೆ ತಂದು, ಬೂಸ್ಟರಿನ ಕೀಲನ್ನು ಹೊಸದಾಗಿ ರೂಪಿಸುವ ಹೊಣೆಯನ್ನು ಅವರಿಗೇ ಕೊಟ್ಟರು. 1988ರ ಸೆಪ್ಟೆಂಬರ್ 29ರಂದು ಡಿಸ್ಕವರಿ ನೌಕೆ ಐವರನ್ನು ಹೊತ್ತು ಹಾರಿದಾಗ ಅದರ ಬೂಸ್ಟರುಗಳಲ್ಲಿ ಇದ್ದದ್ದು ಆ ಹೊಸ ಕೀಲು.